ಬಲಿಷ್ಠ ಪಾತ್ರ ಕಟ್ಟುವ ಗೆಳೆಯ ಆಟ ಕೆಡಿಸುತ್ತಿದ್ದಾನೆಯೇ?

ಪ್ರಶ್ನೆ: ಕಾರವಾರ, ಕುಮಟಾ, ಶಿರಸಿಗಳಲ್ಲಿ ಕೆಲಸ ಮಾಡುವ ನಾವು ಐವರು ಗೆಳೆಯರು ಶನಿವಾರ ಕುಮಟಾದ ಒಂದು ಮನೆಯಲ್ಲಿ ಸೇರಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡುತ್ತೇವೆ: ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಮಾತಿನಲ್ಲೇ ಕಥೆ ಕಟ್ಟುತ್ತ, ಸೋಲುಗೆಲುವನ್ನು ದಾಳ ಉರುಳಿಸಿ ತೀರ್ಮಾನಿಸುವ ಆಟ. 2014ರ ನಿಯಮಗಳು, ಪಾತ್ರಗಳೆಲ್ಲ ಐದನೆಯ ಲೆವೆಲ್. ಆಟ ನಡೆಸುವವನು ನಾನು. ಕಥೆ ನಡೆಯುವುದು ಮಿರ್ಜಾನ್ ಕೋಟೆಯಂಥ ಒಂದು ಕೋಟೆ, ಅಘನಾಶಿನಿಯಂಥ ಒಂದು ಹೊಳೆಯ ಸುತ್ತ. ಒಬ್ಬ ಗೆಳೆಯ ಲೆಕ್ಕ ಹಾಕಿ ಹಾಕಿ ಫೈಟರ್ (ಯೋಧ) ಕಟ್ಟಿದ್ದಾನೆ: ಗ್ರೇಟ್‌ಸೋರ್ಡ್ ಎಂಬ ದೊಡ್ಡ ಕತ್ತಿ, ಗ್ರೇಟ್ ವೆಪನ್ ಮಾಸ್ಟರ್ ಎಂಬ ಫೀಟ್ (ವಿಶೇಷ ಸಾಮರ್ಥ್ಯ), ಸ್ಟ್ರೆಂಗ್ತ್ (ತೋಳ್ಬಲ) 18. ಗೆಳತಿಯೊಬ್ಬಳು ದೋಣಿಯವನ ಮಗಳ ಪಾತ್ರದಲ್ಲಿ ಬಾರ್ಡ್ (ಹಾಡು, ಮಾತುಗಳಿಂದ ಮಂತ್ರ ಹಾಕುವವಳು) ಆಡುತ್ತಾಳೆ. ಅಜ್ಜಿಯಿಂದ ನಾರುಬೇರಿನ ಮದ್ದು ಕಲಿತವಳು ಎಂದು ವಿಸ್ಡಮ್‌ಗೆ (ವಿವೇಕ) 16 ಕೊಟ್ಟು, ಬಾರ್ಡ್‌ನ ಮಂತ್ರಗಳಿಗೆ ಆಧಾರವಾದ ಕರಿಷ್ಮಾವನ್ನು (ವ್ಯಕ್ತಿತ್ವದ ಸೆಳೆತ) 12ಕ್ಕೆ ಬಿಟ್ಟಿದ್ದಾಳೆ. ಹೀಲರ್ ಫೀಟ್ ತೆಗೆದುಕೊಂಡಿದ್ದಾಳೆ. ಮಾತು ಬಹಳ ಚೆನ್ನ, ಆದರೆ ದಾಳ ಉರುಳಿದಾಗಲೆಲ್ಲ ಸೋಲು. ಇನ್ನಿಬ್ಬರಲ್ಲಿ ಒಬ್ಬ ವಿಝರ್ಡ್ (ಮಾಂತ್ರಿಕ). ಮತ್ತೊಬ್ಬ ಕ್ಲೆರಿಕ್ (ದೈವಬಲದಿಂದ ಮಂತ್ರ ಹಾಕುವವನು), ಅವನು ಬರುವುದು ಹೆಚ್ಚಾಗಿ ಗೆಳೆಯರ ಜೊತೆಗಾಗಿ. ಫೈಟರ್‌ನ ಅಬ್ಬರ ತಡೆಯಲು ನಾನು ಓಗರ್ ಎಂಬ ದೈತ್ಯ ಶತ್ರುಗಳನ್ನು ಬಲಪಡಿಸಿದೆ: ಆರ್ಮರ್ ಕ್ಲಾಸ್ (ಏಟು ತಗಲಲು ಮುಟ್ಟಬೇಕಾದ ಅಂಕಿ) 17, ಹಿಟ್ ಪಾಯಿಂಟ್ (ಜೀವದ ಅಂಕ) 90, ಒಂದೇಟಿಗೆ ಹಾನಿ ಸುಮಾರು 20. ಕಳೆದ ಸಲ ಬಾರ್ಡ್ ಸಾಯುವುದರಲ್ಲಿದ್ದಳು. ಆಗ ಅವನು, "ನಿನ್ನ ಪಾತ್ರ ಕಟ್ಟಿದ್ದೇ ತಪ್ಪು" ಎಂದ. ಅವಳು ಆಮೇಲೆ ಮಾತೇ ಆಡಲಿಲ್ಲ. ಇಂಥ ಪಾತ್ರಗಳನ್ನು ನಿಷೇಧಿಸಲೇ? ಕಥೆಯಲ್ಲಿ ಅವನ ಕತ್ತಿ ಕಳೆದುಹೋಗುವಂತೆ ಮಾಡಲೇ? 2024ರ ಹೊಸ ನಿಯಮಕ್ಕೆ ಹೋದರೆ ಸರಿಹೋಗುತ್ತದೆಯೇ?

ಉತ್ತರ: ನಿಷೇಧಿಸಬೇಡಿ. ನಿಮ್ಮ ಗೆಳೆಯ ತಪ್ಪಾಗಿ ಆಡುತ್ತಿಲ್ಲ, ಗೆಳತಿಯೂ ತಪ್ಪಾಗಿ ಆಡುತ್ತಿಲ್ಲ. ಕೆಟ್ಟಿರುವುದು ಎರಡು ಸಂಗತಿಗಳಿಂದ. ಒಂದು, ಓಗರ್‌ಗಳನ್ನು ಬಲಪಡಿಸಿದ ನಿಮ್ಮ ಉಪಾಯ. ಇನ್ನೊಂದು, ಅವನಾಡಿದ ಆ ಒಂದು ಮಾತು. ಮೊದಲನೆಯದನ್ನು ಲೆಕ್ಕದಿಂದಲೇ ನೋಡೋಣ. ಅಂಕಿಗಳನ್ನು ಪ್ರೀತಿಸುವ ಗೆಳೆಯನಿಗೂ ಅದೇ ಭಾಷೆ ಹಿಡಿಸುತ್ತದೆ.

ನಿಯಮ ಪುಸ್ತಕದ ಓಗರ್‌ಗೆ ಆರ್ಮರ್ ಕ್ಲಾಸ್ 11, ಹಿಟ್ ಪಾಯಿಂಟ್ 59, ದೊಣ್ಣೆಯ ಒಂದೇಟಿಗೆ ಸರಾಸರಿ 13. ನಿಮ್ಮ ಫೈಟರ್‌ಗೆ ಸ್ಟ್ರೆಂಗ್ತ್‌ನಿಂದ 4, ಐದನೆಯ ಲೆವೆಲ್‌ನ ಪ್ರಾವೀಣ್ಯದಿಂದ 3, ಒಟ್ಟು 7 ದಾಳದ ಅಂಕಿಗೆ ಸೇರುತ್ತದೆ. ಗ್ರೇಟ್ ವೆಪನ್ ಮಾಸ್ಟರ್ ಬಳಸಿದರೆ ಗುರಿಯಲ್ಲಿ 5 ಕಳೆದು, ಹಾನಿಯಲ್ಲಿ 10 ಕೂಡಿಸಬಹುದು. ಆಗ ಇಪ್ಪತ್ತು ಮುಖದ ದಾಳದಲ್ಲಿ 9 ಅಥವಾ ಹೆಚ್ಚು ಬಿದ್ದರೆ ಏಟು ತಗಲುತ್ತದೆ, ಅಂದರೆ ನೂರಕ್ಕೆ 60. ತಗಲಿದರೆ ಸರಾಸರಿ 21. ಒಂದು ಬೀಸಿಗೆ 12.6, ಈ ಲೆವೆಲ್‌ನಲ್ಲಿ ಫೈಟರ್‌ಗೆ ಎರಡು ಬೀಸು, ಹಾಗಾಗಿ ಸರದಿಗೆ ಸುಮಾರು 25. ದಾಳದಲ್ಲಿ 20 ಬಿದ್ದಾಗ ಹೆಚ್ಚು ಹಾನಿ ಮಾಡುವ ಕ್ರಿಟಿಕಲ್ ಏಟನ್ನು ಬದಿಗಿಟ್ಟು ಹೇಳುತ್ತಿದ್ದೇನೆ. ನಿಮ್ಮ ಬಾರ್ಡ್ ರೇಪಿಯರ್ ಎಂಬ ತೆಳುಕತ್ತಿ ಹಿಡಿದರೆ, ಡೆಕ್ಸ್ಟೆರಿಟಿ (ಚುರುಕು) 14 ಎಂದಿಟ್ಟುಕೊಂಡರೆ, ಅವಳ ಸರದಿಯ ಸರಾಸರಿ 5ರ ಆಸುಪಾಸು. ಐದು ಪಟ್ಟು ಅಂತರ! ಇದು ನಿಮ್ಮ ಕಣ್ಣಿಗೆ ಕುಟುಕಿದ್ದು ಸಹಜ.

ಈಗ ನಿಮ್ಮ ಓಗರ್. ಆರ್ಮರ್ ಕ್ಲಾಸ್ 17ರ ಎದುರು ಫೈಟರ್‌ನ ಸರದಿಯ ಸರಾಸರಿ 12.6ಕ್ಕೆ ಇಳಿಯುತ್ತದೆ, ಸರಿಯಾಗಿ ಅರ್ಧ. ನೀವು ಬಯಸಿದ್ದು ಸಿಕ್ಕಿತು ಎನ್ನಿಸಬಹುದು. ಆದರೆ ಬಾರ್ಡ್‌ಗೆ ಮೊದಲು ನೂರಕ್ಕೆ 75 ಸಲ ತಗಲುತ್ತಿದ್ದ ಏಟು ಈಗ 45 ಸಲ ಮಾತ್ರ ತಗಲುತ್ತದೆ. ಅವಳ ಪಾಲಿಗೆ ಗುರಿ ತಪ್ಪುವುದೇ ವಾಡಿಕೆಯಾಯಿತು. ಹಿಟ್ ಪಾಯಿಂಟ್ 90 ಆದದ್ದರಿಂದ, ಈ ಇಬ್ಬರೇ ಹೊಡೆದರೂ ಎರಡು ಸುತ್ತಿನಲ್ಲಿ ಮುಗಿಯಬೇಕಿದ್ದ ಕಾಳಗ ಆರು ಸುತ್ತಿಗೆ ಹೋಯಿತು. ಇನ್ನು ಏಟಿನ ಬಲ. ಫೈಟರ್‌ನ ಹಿಟ್ ಪಾಯಿಂಟ್ 49ರ ಹತ್ತಿರ ಇರುತ್ತದೆ, ಮೈಮೇಲೆ ಪ್ಲೇಟ್ ಕವಚವಿದ್ದರೆ ಆರ್ಮರ್ ಕ್ಲಾಸ್ 18. ದೇಹಬಲ ಸಾಧಾರಣವಾಗಿರುವ ಬಾರ್ಡ್‌ಗೆ ಹಿಟ್ ಪಾಯಿಂಟ್ 28. ಪುಸ್ತಕದ ಓಗರ್ ಅವಳಿಗೆ ಎರಡೇಟು ಹೊಡೆದರೂ ಸರಾಸರಿಯಲ್ಲಿ ಅವಳು ನಿಂತಿರುತ್ತಾಳೆ. ನಿಮ್ಮ ಓಗರ್ ಎರಡೇಟಿಗೆ ಅವಳನ್ನು ಕೆಡವುತ್ತದೆ, ಅವನು ಆಗಲೂ ನಿಂತಿರುತ್ತಾನೆ. ಅವನನ್ನು ಹಿಡಿಯಲು ಎಸೆದ ಬಲೆಯಲ್ಲಿ ಸಿಕ್ಕಿಕೊಂಡವಳು ಅವಳು.

ಶತ್ರುವಿನ ಬಲ ಏರಿಸುತ್ತ ಹೋಗುವ ದಾರಿ ಯಾವಾಗಲೂ ಇಲ್ಲಿಗೇ ಬಂದು ನಿಲ್ಲುತ್ತದೆ. ಏರಿದ ಶತ್ರುವಿಗೆ ತಕ್ಕಂತೆ ಬಲಿಷ್ಠ ಆಟಗಾರ ಇನ್ನಷ್ಟು ಹರಿತವಾಗುತ್ತಾನೆ, ಉಳಿದವರು ಇನ್ನಷ್ಟು ಮಂಕಾಗುತ್ತಾರೆ. "ಪಾತ್ರ ಗಟ್ಟಿಯಾಗಿರಬೇಕು" ಎಂಬ ಅವನ ನಂಬಿಕೆಗೆ ನೀವೇ ಪುರಾವೆ ಒದಗಿಸಿದಂತಾಗುತ್ತದೆ. ಮುಂದಿನ ಶನಿವಾರದಿಂದ ಓಗರ್‌ಗಳನ್ನು ಪುಸ್ತಕದ ಅಂಕಿಗೆ ಇಳಿಸಿ, ಇಳಿಸಿದ್ದನ್ನು ಗುಂಪಿಗೆ ತಿಳಿಸಿ.

ಇಲ್ಲಿ ಹಾನಿಯ ಅಂಕಿಯೊಂದನ್ನೇ ಹಿಡಿದುಕೊಂಡರೆ ನಾವೂ ದಾರಿ ತಪ್ಪುತ್ತೇವೆ. ಬಾರ್ಡ್‌ನ ಬಲ ಕತ್ತಿಯಲ್ಲಿಲ್ಲ. ಐದನೆಯ ಲೆವೆಲ್‌ನಲ್ಲಿ ಅವಳಿಗೆ ಹಿಪ್ನಾಟಿಕ್ ಪ್ಯಾಟರ್ನ್ ಎಂಬ ಮಂತ್ರ ಸಿಗುತ್ತದೆ. ಒತ್ತಾಗಿ ನಿಂತ ಮೂರು ಓಗರ್‌ಗಳ ಮೇಲೆ ಅದನ್ನು ಪ್ರಯೋಗಿಸಿದರೆ ಅವಳ ಈಗಿನ ಕರಿಷ್ಮಾ 12ರಲ್ಲೂ ಅವು ವಶವಾಗುವ ಸಂಭವ ತಲಾ ನೂರಕ್ಕೆ 65, ಏಕೆಂದರೆ ಅದನ್ನು ತಡೆಯಬೇಕಾದ ವಿಸ್ಡಮ್ ಓಗರ್‌ಗೆ ಬರೀ 7. ಸರಾಸರಿಯಲ್ಲಿ ಮೂರರಲ್ಲಿ ಎರಡು ಓಗರ್‌ಗಳು, ಯಾರೂ ಹೊಡೆದು ಎಚ್ಚರಿಸದಿದ್ದರೆ, ಒಂದು ನಿಮಿಷದವರೆಗೆ ಕೈಕಾಲು ಆಡಿಸದೆ ನಿಲ್ಲುತ್ತವೆ. ಫೈಟರ್ ಎಷ್ಟೇ ಬೀಸಿದರೂ ಒಂದು ಸರದಿಯಲ್ಲಿ ಎರಡು ಓಗರ್‌ಗಳನ್ನು ಕಾಳಗದಿಂದ ಹೊರಗಿಡಲಾರ. ಇದನ್ನು ಅವನು ಅವಳಿಗೆ ಹೇಳಿದ್ದಾನೆಯೇ? ಅವಳ ಪಾತ್ರದ ಹಾಳೆಯನ್ನು ನಿಜವಾಗಿ ಓದಿದ್ದಾನೆಯೇ?

ಕಥೆಗಾಗಿ ಆರಿಸಿಕೊಂಡ ಹೀಲರ್ ಫೀಟ್‌ನ ಸಂಗತಿ ಇನ್ನೂ ಸೊಗಸಾದದ್ದು. ಚಿಕಿತ್ಸೆಯ ಚೀಲದಿಂದ ಅವಳು ಒಬ್ಬ ಸಂಗಾತಿಗೆ ಒಂದು ಆರು ಮುಖದ ದಾಳ, ಅದರ ಮೇಲೆ 4, ಅದರ ಮೇಲೆ ಆ ಸಂಗಾತಿಯ ಲೆವೆಲ್‌ನಷ್ಟು ಹಿಟ್ ಪಾಯಿಂಟ್ ಮರಳಿಸಬಹುದು. ಐದನೆಯ ಲೆವೆಲ್‌ನವರಿಗೆ ಸರಾಸರಿ 12.5. ಮಂತ್ರದ ಖರ್ಚಿಲ್ಲ, ಪ್ರತಿಯೊಬ್ಬರಿಗೂ ಒಂದು ವಿಶ್ರಾಂತಿಗೆ ಒಂದು ಸಲ. ಅವಳ ಮೊದಲ ಹಂತದ ಕ್ಯೂರ್ ವೂಂಡ್ಸ್ ಮಂತ್ರ ಕೊಡುವುದು ಸರಾಸರಿ 5.5. ಅಜ್ಜಿಯ ಮದ್ದು ಮಂತ್ರಕ್ಕಿಂತ ಎರಡು ಪಟ್ಟು ಗಟ್ಟಿ! ಭಾವನೆಯಿಂದ ಮಾಡಿದ ಆಯ್ಕೆ ಲೆಕ್ಕದಲ್ಲೂ ಗೆದ್ದಿದೆ. ಇಂಥದ್ದನ್ನು ಗುರುತಿಸಿ ಹೇಳುವವನೇ ನಿಜವಾದ ಲೆಕ್ಕಿಗ.

ಹಾಗಾದರೆ ಅವಳ ಪಾತ್ರದಲ್ಲಿ ಕೊರತೆಯೇ ಇಲ್ಲವೇ? ಇದೆ, ಅದನ್ನೂ ಮುಚ್ಚಿಡಬಾರದು. ಬಾರ್ಡ್ ಸಂಗಾತಿಗಳಿಗೆ ಕೊಡುವ ಸ್ಫೂರ್ತಿಯ ದಾಳ, ಬಾರ್ಡಿಕ್ ಇನ್‌ಸ್ಪಿರೇಷನ್, ಎಷ್ಟು ಸಲ ಸಿಗುತ್ತದೆ ಎಂಬುದು ಕರಿಷ್ಮಾದ ಮೇಲೆ ನಿಂತಿದೆ. 12 ಇದ್ದರೆ ಒಂದೇ ಸಲ. ಮೂಲ ಅಂಕಗಳಲ್ಲಿ ವಿಸ್ಡಮ್ ಮತ್ತು ಕರಿಷ್ಮಾಗಳನ್ನು ಅದಲುಬದಲು ಮಾಡಿದರೆ, ಅವಳು ಕರಿಷ್ಮಾಗೆ ಹೆಚ್ಚು ಅಂಕ ಸಿಗುವ ಹಾಫ್-ಎಲ್ಫ್ ಕುಲದವಳಾಗಿದ್ದ ಪಕ್ಷದಲ್ಲಿ, ಕರಿಷ್ಮಾ 17 ಆಗುತ್ತದೆ. ಸ್ಫೂರ್ತಿ ಮೂರು ಸಲ, ಅದೂ ಈ ಲೆವೆಲ್‌ನಿಂದ ಸಣ್ಣ ವಿಶ್ರಾಂತಿಯಲ್ಲೇ ಮರಳುತ್ತದೆ. ಓಗರ್ ವಶವಾಗುವ ಸಂಭವ 65ರಿಂದ 75ಕ್ಕೆ ಏರುತ್ತದೆ. ಕಥೆಯಲ್ಲಿ ಒಂದಕ್ಷರವೂ ಬದಲಾಗಬೇಕಿಲ್ಲ: ಅಜ್ಜಿ ಅಜ್ಜಿಯಾಗಿಯೇ ಇರುತ್ತಾಳೆ, ಮದ್ದಿನ ಚೀಲ ಚೀಲವಾಗಿಯೇ ಇರುತ್ತದೆ, ಮೆಡಿಸಿನ್ ಕೌಶಲವೂ ಉಳಿಯುತ್ತದೆ. ಹೀಲರ್ ಫೀಟ್ ಬಿಟ್ಟು ಕರಿಷ್ಮಾವನ್ನು 18ಕ್ಕೆ ಏರಿಸು ಎಂದು ನಿಮ್ಮ ಗೆಳೆಯ ಹೇಳಬಹುದು. ಅದು ಬೇಡ. ಅವಳಿಗೆ ಪ್ರಿಯವಾದದ್ದನ್ನು ಕಿತ್ತುಕೊಂಡು ಸಿಗುವ ಒಂದು ಅಂಕ ನಮಗೇಕೆ?

ಇನ್ನೊಂದು ಸೂಕ್ಷ್ಮ ನೋಡಿ. ಐದನೆಯ ಲೆವೆಲ್‌ನ ಸ್ಫೂರ್ತಿಯ ದಾಳ ಎಂಟು ಮುಖದ್ದು, ಸರಾಸರಿ 4.5. ಅವನ ಫೀಟ್ ಗುರಿಯಿಂದ ಕಳೆಯುವುದು 5. ಅವನ ದಾಳ ಉರುಳಿ, ಏಟು ತಪ್ಪಿತೇನೋ ಎನ್ನಿಸಿದ ಗಳಿಗೆಯಲ್ಲಿ, ನೀವು ಫಲಿತಾಂಶ ಹೇಳುವ ಮೊದಲು, ಅವಳು ಕೊಟ್ಟ ದಾಳವನ್ನು ಅವನು ಕೂಡಿಸಬಹುದು. ಇಡೀ ಗುಂಪಿನಲ್ಲಿ ಅವನ ಅತಿದೊಡ್ಡ ಏಟಿಗೆ ಆಧಾರವಾಗಬಲ್ಲವಳು ಅವಳೇ. ಇದನ್ನು ಅವನಿಗೆ ಅಂಕಿಗಳಲ್ಲಿ ತೋರಿಸಿ; ಮರುವಾರದಿಂದ ಅವಳ ಸರದಿಯನ್ನು ಅವನು ಕಾತರದಿಂದ ಕಾಯುತ್ತಾನೆ ಎಂದು ನನಗೆ ಭರವಸೆಯಿದೆ.

ಈ ಜಗಳ ಹೊಸದೇನೂ ಅಲ್ಲ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಈ ಆಟವನ್ನು ಹೊರತಂದಾಗ ಅದು ಯುದ್ಧತಂತ್ರದ ಆಟಗಳ ಹೊಟ್ಟೆಯಿಂದಲೇ ಬಂದಿತ್ತು. ಅಂಕಿಗಳ ಮೋಹ ಅದರ ರಕ್ತದಲ್ಲಿದೆ. 1980ರಲ್ಲೇ ಗ್ಲೆನ್ ಬ್ಲೇಕೋ ಎಂಬವರು ಆಟಗಾರರ ಒಲವುಗಳನ್ನು ನಾಲ್ಕಾಗಿ ವಿಂಗಡಿಸಿ ಬರೆದರು: ಪಾತ್ರದೊಳಗೆ ಇಳಿಯುವುದು, ಕಥೆ ಕಟ್ಟುವುದು, ಬಲ ಬೆಳೆಸುವುದು, ಯುದ್ಧ ಗೆಲ್ಲುವುದು. ನಾಲ್ಕೂ ಒಬ್ಬರಲ್ಲೇ ಬೇರೆ ಬೇರೆ ಪ್ರಮಾಣದಲ್ಲಿ ಇರುತ್ತವೆ. 2000ದ ಮೂರನೆಯ ಆವೃತ್ತಿ ಫೀಟ್‌ಗಳನ್ನು ತಂದಿತು, ಒಂದೇ ಪಾತ್ರದಲ್ಲಿ ಎರಡು ಬಗೆಗಳನ್ನು ಬೆರೆಸುವ ಮಲ್ಟಿಕ್ಲಾಸ್ ಮಾಡುವುದನ್ನು ಸಡಿಲಗೊಳಿಸಿತು. ಅಲ್ಲಿಂದ ಪಾತ್ರ ಕಟ್ಟುವುದು ವಾರದ ನಡುವೆ ಒಬ್ಬನೇ ಕುಳಿತು ಆಡುವ ಇನ್ನೊಂದು ಆಟವಾಗಿ ಬೆಳೆಯಿತು. ಅದರ ವಿನ್ಯಾಸಕರಲ್ಲಿ ಒಬ್ಬರಾದ ಮಾಂಟಿ ಕುಕ್ ಅವರೇ, ನಿಯಮಗಳನ್ನು ಆಳವಾಗಿ ಬಲ್ಲವರಿಗೆ ಫಲ ಸಿಗುವಂತೆ ಆ ಆವೃತ್ತಿಯನ್ನು ರೂಪಿಸಲಾಗಿತ್ತು ಎಂದು ಮುಂದೆ ಬರೆದರು. ಅಂದರೆ ಎಲ್ಲ ಆಯ್ಕೆಗಳೂ ಸಮಾನವಲ್ಲ, ಅದು ಬೇಕೆಂದೇ ಹಾಗಿದೆ. ಆ ಪರಂಪರೆಯ ಆಟವೊಂದರಲ್ಲಿ ಒಳ್ಳೆಯ ಆಯ್ಕೆ ಹುಡುಕಿದವನನ್ನು ದೂರುವುದು ನ್ಯಾಯವಲ್ಲ. ಪಾತ್ರ ಬಲಿಷ್ಠವಾಗಿದ್ದರೆ ಅಭಿನಯ ಸೊರಗಲೇಬೇಕು ಎಂಬ ವಾದಕ್ಕೆ ಈ ಆಟದ ವಲಯದಲ್ಲಿ ಸ್ಟಾರ್ಮ್‌ವಿಂಡ್ ತರ್ಕದೋಷ ಎಂಬ ಹೆಸರೇ ಇದೆ. ಅದು ದೋಷವೇ. ಲೆಕ್ಕವೂ ಅಭಿನಯವೂ ಬೇರೆ ಬೇರೆ ಕೌಶಲಗಳು. ಒಂದು ಬೆಳೆದರೆ ಇನ್ನೊಂದು ಕುಗ್ಗಬೇಕೆಂದಿಲ್ಲ.

ನಮ್ಮ ಜಿಲ್ಲೆಯವರಿಗೆ ಇದನ್ನು ತಿಳಿಸಲು ತಾಳಮದ್ದಲೆ ಸಾಕು. ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಪದ ಹೇಳುತ್ತಾರೆ, ಅರ್ಥಧಾರಿಗಳು ಕುಳಿತಲ್ಲೇ ಮಾತು ಕಟ್ಟುತ್ತಾರೆ. ಮಳೆಗಾಲದ ಒಂದು ರಾತ್ರಿ ವಾಲಿವಧೆ ನಡೆದಿದೆ ಎನ್ನಿ. ಬಾಣ ತಗಲಿ ಬಿದ್ದ ವಾಲಿ ರಾಮನನ್ನು ಪ್ರಶ್ನಿಸುತ್ತಾನೆ: ಮರೆಯಲ್ಲಿ ನಿಂತು ಹೊಡೆದೆಯಲ್ಲ, ಇದು ಯಾವ ಧರ್ಮ? ವಾಲಿಯ ಅರ್ಥಧಾರಿ ಶಾಸ್ತ್ರ, ಪುರಾಣ, ತರ್ಕಗಳನ್ನು ಅರೆದು ಕುಡಿದವನಾಗಿದ್ದರೆ ಯಾರೂ ಅವನನ್ನು ದೂರುವುದಿಲ್ಲ. ಅವನಿದ್ದಾನೆಂದೇ ಜನ ಸೇರುತ್ತಾರೆ. ಸಿದ್ಧತೆ ಅಲ್ಲಿ ಗುಣ. ಆದರೆ ಅವನು ರಾಮನಿಗೆ ಬಾಯಿ ತೆರೆಯಲು ಎಡೆಯನ್ನೇ ಕೊಡದಿದ್ದರೆ? ಎದುರು ಕುಳಿತ ಅರ್ಥಧಾರಿಗೆ ಹಿಡಿದುಕೊಳ್ಳಲು ಒಂದು ಎಳೆಯನ್ನೂ ಬಿಡದೆ ಅರ್ಧ ಗಂಟೆ ಸುರಿದರೆ? ಅಥವಾ ರಾಮನ ಅರ್ಥಧಾರಿಗೆ "ನೀನು ಹೇಳಬೇಕಾದದ್ದು ಇದು" ಎಂದು ತಾನೇ ಒಪ್ಪಿಸಿಬಿಟ್ಟರೆ? ಆಗ ವಿದ್ವತ್ತು ಎಷ್ಟೇ ಇರಲಿ, ಪ್ರಸಂಗ ಬಿದ್ದಿತು. ಅವನ ಮಾತಿನ ಬಲ ಪ್ರಸಂಗವನ್ನು ಕೆಡಿಸಲಿಲ್ಲ. ಎದುರಿನವನ ಸರದಿಯನ್ನು ಕಸಿದುಕೊಂಡದ್ದು ಕೆಡಿಸಿತು. ದೊಡ್ಡ ಅರ್ಥಧಾರಿ ತನ್ನ ವಾದವನ್ನು ಎದುರಾಳಿ ಎತ್ತರದ ಉತ್ತರ ಕೊಡಬೇಕಾಗಿ ಬರುವ ಜಾಗಕ್ಕೆ ತಂದು ನಿಲ್ಲಿಸುತ್ತಾನೆ. ಆಮೇಲೆ ರಾಮನೂ ಬೆಳೆಯುತ್ತಾನೆ, ವಾಲಿಯೂ ಬೆಳೆಯುತ್ತಾನೆ.

ನಿಮ್ಮ ಗೆಳೆಯನನ್ನು ಈ ಅಳತೆಯಿಂದ ಅಳೆಯಿರಿ. ಅವನ ಸರದಿಗೆ 25 ಹಾನಿ ಯಾರ ಸರದಿಯನ್ನೂ ಕಸಿಯುವುದಿಲ್ಲ. "ನಿನ್ನ ಪಾತ್ರ ಕಟ್ಟಿದ್ದೇ ತಪ್ಪು" ಎಂಬ ಮಾತು ಕಸಿಯುತ್ತದೆ. "ಈಗ ಆ ಮಂತ್ರ ಬೇಡ, ಇದನ್ನು ಹಾಕು" ಎಂಬ ಮಾತೂ ಕಸಿಯುತ್ತದೆ. ಅಲ್ಲಿ ನೀವು ಗಟ್ಟಿಯಾಗಿರಬೇಕು: ಕೇಳದ ಹೊರತು ಇನ್ನೊಬ್ಬರ ಸರದಿಯಲ್ಲಿ ಸಲಹೆ ಇಲ್ಲ, ಇನ್ನೊಬ್ಬರ ಪಾತ್ರದ ಮೇಲೆ ತೀರ್ಪು ಇಲ್ಲ. ಇದು ಎಲ್ಲರಿಗೂ ಅನ್ವಯಿಸುವ ನಿಯಮವಾಗಿ ಬರಲಿ. ಕಥೆಯನ್ನು ಪ್ರೀತಿಸುವವರಲ್ಲೂ ಸರದಿ ಕಸಿಯುವವರಿದ್ದಾರೆ. "ನನ್ನ ಪಾತ್ರದ ಸ್ವಭಾವವೇ ಹಾಗೆ" ಎಂದು ಹೇಳಿ ಮಲಗಿದ ಓಗರ್‌ಗಳನ್ನು ಬೇಕೆಂದೇ ಎಬ್ಬಿಸಿ ನಾಲ್ವರ ಯೋಜನೆಯನ್ನು ಮುಳುಗಿಸುವವರು, ಅಂಗಡಿಯವನ ಜೊತೆ ಒಂದು ಗಂಟೆ ಮಾತಾಡಿ ಉಳಿದವರನ್ನು ಗೋಡೆ ನೋಡುವಂತೆ ಕೂರಿಸುವವರು, ಇವರೂ ಅದೇ ಸಾಲಿನವರು. ನಿಮ್ಮ ಗೆಳತಿ ಹಾಗೆ ಎಂದು ನಾನು ಹೇಳುತ್ತಿಲ್ಲ. ನಿಯಮ ಒಬ್ಬನ ಕಡೆಗೆ ಬೆರಳು ತೋರಿಸಿದರೆ ಅದು ನಿಲ್ಲುವುದಿಲ್ಲ ಎಂಬ ಕಾರಣಕ್ಕೆ ಹೇಳಿದೆ.

ಈ ಮಾತುಕತೆ ಆಟದ ಹೊರಗೆ ನಡೆಯಬೇಕು. ಕ್ಯಾಂಪೇನ್, ಅಂದರೆ ವಾರಗಟ್ಟಲೆ ಸಾಗುವ ಕಥೆ, ಶುರುವಾಗುವ ಮೊದಲು ಸೆಷನ್ ಜೀರೋ ಎಂದು ಕುಳಿತು ಮಾತಾಡುವ ಪದ್ಧತಿ ಇದೆಯಲ್ಲ, ಅದನ್ನು ನಡುವೆಯೂ ಮಾಡಬಹುದು, ತಡವೇನೂ ಆಗಿಲ್ಲ. ದಾಳಗಳನ್ನು ಹೊರತೆಗೆಯುವ ಮೊದಲು, ಚಹಾ ಹೊತ್ತಿನಲ್ಲಿ, ಪ್ರತಿಯೊಬ್ಬರನ್ನೂ ಒಂದೇ ಪ್ರಶ್ನೆ ಕೇಳಿ: ಇಷ್ಟು ದಿನದ ಆಟದಲ್ಲಿ ನಿಮಗೆ ಮನೆಗೆ ಹೋದ ಮೇಲೂ ನೆನಪಾದ ಗಳಿಗೆ ಯಾವುದು? "ನಿಮಗೆ ಯಾವ ಶೈಲಿ ಇಷ್ಟ" ಎಂದು ಕೇಳಿದರೆ ಜನ ಸಿದ್ಧ ಉತ್ತರ ಕೊಡುತ್ತಾರೆ. ಗಳಿಗೆಯನ್ನು ಕೇಳಿದರೆ ನಿಜ ಹೊರಬರುತ್ತದೆ. ಫೈಟರ್ ಆಡುವ ಗೆಳೆಯ ದೊಡ್ಡ ಏಟಿನ ಬದಲು ತಾನು ಬಾಗಿಲಲ್ಲಿ ನಿಂತು ಉಳಿದವರನ್ನು ಪಾರುಮಾಡಿದ ಗಳಿಗೆ ಹೇಳಬಹುದು. ಬಲಿಷ್ಠ ಪಾತ್ರ ಕಟ್ಟುವ ಎಷ್ಟೋ ಜನರ ಒಳಗಿನ ಆಸೆ, ಸಂಗಾತಿಗಳು ತನ್ನನ್ನು ನಂಬಬೇಕೆಂಬುದು. ಅದು ತಿಳಿದರೆ ಅವನ ಲೆಕ್ಕದ ಬುದ್ಧಿಯನ್ನು ಯಾವ ಕಡೆ ತಿರುಗಿಸಬೇಕೆಂಬುದು ನಿಮಗೂ ತಿಳಿಯುತ್ತದೆ.

ಅಂಕಗಳ ಅದಲುಬದಲನ್ನು ಅವಳಿಗೆ ನೀವಿಬ್ಬರೇ ಇದ್ದಾಗ ಸೂಚಿಸಿ, ಗುಂಪಿನ ಮುಂದೆ ಬೇಡ. ಅವಳು ಒಪ್ಪಿದರೆ, ಅವಳೇ ಅವನನ್ನು ಕರೆದು "ಇದಕ್ಕೆ ಯಾವ ಮಂತ್ರ ಹೊಂದುತ್ತದೆ" ಎಂದು ಕೇಳಲಿ. ಒಪ್ಪದಿದ್ದರೆ ಅಲ್ಲಿಗೆ ಬಿಡಿ. ಈಗಿನ ಪಾತ್ರವೂ ಪುಸ್ತಕದ ಓಗರ್‌ಗಳ ಎದುರು ನಿಲ್ಲಬಲ್ಲದು ಎಂದು ಮೇಲೆ ನೋಡಿದೆವು.

ಅವಳ ಮಾತಿನ ವಿಷಯಕ್ಕೆ ಬರುತ್ತೇನೆ. ಅಷ್ಟು ಚೆನ್ನಾಗಿ ಮಾತಾಡಿದ ಮೇಲೆ ದಾಳ ಉರುಳಿಸಿ "ಸೋತೆ" ಎನ್ನುವುದು ನೋಯಿಸುತ್ತದೆ, ನಿಜ. ಆದರೆ ಫೈಟರ್ ಆಡುವವನಿಗೆ ನಾವು ಕೋಣೆಯಲ್ಲಿ ಭಾರ ಎತ್ತಿ ತೋರಿಸು ಎನ್ನುವುದಿಲ್ಲ. ಮಾತಿಗೆ ಅಂಜುವ ಆಟಗಾರನೂ ಒಂದು ದಿನ ವಾಗ್ಮಿಯ ಪಾತ್ರ ಆಡಬಯಸಬಹುದು. ಬಾಯಿಮಾತಿಗೇ ಎಲ್ಲ ಗೆಲುವು ಹೋದರೆ ಅವನಿಗೆ ಆ ಬಾಗಿಲು ಮುಚ್ಚಿದಂತೆ. ನಾನು ಸೂಚಿಸುವ ಕ್ರಮ ಇದು: ಅವಳು ಏನು ಹೇಳಿದಳು ಎಂಬುದು ದಾಳ ಬೇಕೇ ಬೇಡವೇ ಎಂದೂ, ಬೇಕಾದರೆ ಎಷ್ಟು ಕಠಿಣ ಎಂದೂ ನಿರ್ಧರಿಸಲಿ. ಕಾವಲುಗಾರನ ಮಗ ಜ್ವರದಿಂದ ಮಲಗಿದ್ದಾನೆಂದು ಅವಳು ಮೊದಲೇ ತಿಳಿದುಕೊಂಡು, ಮದ್ದಿನ ಮಾತೆತ್ತಿದರೆ, ದಾಳವೇ ಬೇಡ, ಬಾಗಿಲು ತೆರೆಯಲಿ. ಬರೀ ಸುಂದರ ಮಾತಾಗಿದ್ದರೆ ದಾಳ ಉರುಳಲಿ. ಹೀಗೆ ಮಾಡಿದರೆ ಕಥೆಯನ್ನು ಗಮನವಿಟ್ಟು ಕೇಳಿದವರಿಗೆ ಫಲ ಸಿಗುತ್ತದೆ, ನಾಲಿಗೆ ಚುರುಕಿದ್ದವರಿಗೆ ಮಾತ್ರವಲ್ಲ.

ಇನ್ನು ಕಾಳಗಗಳನ್ನು ಹೇಗೆ ಹೂಡಬೇಕು? ಬಲಿಷ್ಠನೊಬ್ಬನೇ ಏಕಕಾಲಕ್ಕೆ ಎಲ್ಲ ಕಡೆ ಇರಲಾರ. ಅದನ್ನೇ ಬಳಸಿ. ನಿಮ್ಮ ಹೊಳೆ ಅಘನಾಶಿನಿಯಂಥದ್ದು ಎಂದಿರಿ. ಹಾಗಾದರೆ ಅಲ್ಲಿ ಉಬ್ಬರ ಇಳಿತಗಳಿವೆ, ಉಪ್ಪುನೀರಿಗೆ ಜಗ್ಗದ ಕಗ್ಗ ಭತ್ತ ಬೆಳೆಯುವ ಗಜನಿ ಗದ್ದೆಗಳಿವೆ, ಅವುಗಳನ್ನು ಕಾಯುವ ಒಡ್ಡುಗಳಿವೆ. ರಾತ್ರಿ, ಉಬ್ಬರ ಏರುತ್ತಿದೆ. ಮೂರು ಓಗರ್‌ಗಳು ಒಡ್ಡನ್ನು ಒಡೆಯುತ್ತಿವೆ. ಅದು ಹೋದರೆ ಕೊಯ್ಲಿಗೆ ಬಂದ ಪೈರು ಹೋಯಿತು. ಅದೇ ಹೊತ್ತಿಗೆ ಸೆರೆಯಾಳುಗಳಿರುವ ದೋಣಿಯೊಂದು ಹಗ್ಗ ಕಡಿದು ಹೊಳೆಯ ನಡುವಿಗೆ ಸರಿಯುತ್ತಿದೆ. ನೀರಿನ ಬಾಗಿಲು ಕಾಯುವ ಮುದುಕ ಹೆದರಿ ಒಳಗೆ ಅಗಳಿ ಹಾಕಿಕೊಂಡಿದ್ದಾನೆ, ಪರಊರಿನವರನ್ನು ನಂಬುವುದಿಲ್ಲ.

ಒಡ್ಡು ಅಗಲ ಕಡಿಮೆ. ಅದರ ಮೇಲೆ ನಿಂತು ಓಗರ್‌ಗಳನ್ನು ತಡೆಯಲು ಫೈಟರ್‌ಗಿಂತ ಬೇರೆ ಯಾರು? ಅವನ 25 ಅಲ್ಲಿ ಮೆರೆಯಲಿ, ಪೂರ್ತಿ ಮೆರೆಯಲಿ. ಮುದುಕನಿಗೆ ದೋಣಿಯವನ ಮಗಳ ಮಾತು ಬೇಕು, ಅವಳ ಮನೆತನದ ಪರಿಚಯ ಬೇಕು. ಒಡೆದ ಒಡ್ಡಿನ ಬಾಯಲ್ಲಿ ವಿಝರ್ಡ್‌ನ ವೆಬ್ ಮಂತ್ರ ಓಗರ್ ಒಂದನ್ನು ಸಿಕ್ಕಿಸಬಹುದು. ದೋಣಿಗೆ? ನಿಮ್ಮ ಕ್ಲೆರಿಕ್. ಐದನೆಯ ಲೆವೆಲ್‌ನ ಕ್ಲೆರಿಕ್ ಸಿದ್ಧಪಡಿಸಿಕೊಳ್ಳಬಹುದಾದ ವಾಟರ್ ವಾಕ್ ಮಂತ್ರ ಹತ್ತು ಜೀವಗಳನ್ನು ನೀರಿನ ಮೇಲೆ ನಡೆಸುತ್ತದೆ. ಗೆಳೆಯರ ಜೊತೆಗಾಗಿ ಮಾತ್ರ ಬರುವ ಆ ಗೆಳೆಯ, ಸೆರೆಯಾಳುಗಳನ್ನು ಏರುವ ಹೊಳೆಯ ಮೇಲೆ ನಡೆಸಿಕೊಂಡು ದಡಕ್ಕೆ ತರುತ್ತಾನೆ. ಆ ಮಂತ್ರ ಅವನ ಪಟ್ಟಿಯಲ್ಲಿದೆ ಎಂದು ಹಿಂದಿನ ವಾರವೇ ಒಂದು ಮಾತು ನೆನಪಿಸಿ, ಅಷ್ಟು ಸಾಕು. ಇಲ್ಲಿ ಓಗರ್‌ಗಳ ಅಂಕಿ ಒಂದೂ ಏರಿಲ್ಲ, ಫೈಟರ್‌ನ ಅಂಕಿ ಒಂದೂ ಇಳಿದಿಲ್ಲ.

ಕಥೆಯಲ್ಲಿ ಅವನ ಕತ್ತಿ ಕಳೆಯುವ ಯೋಚನೆಯನ್ನು ಬಿಟ್ಟುಬಿಡಿ. ಅದು ಶಿಕ್ಷೆ ಎಂದು ಅವನಿಗೆ ಕ್ಷಣದಲ್ಲಿ ಗೊತ್ತಾಗುತ್ತದೆ. ಗೆಳೆಯನಿಗೆ ಹೇಳಬೇಕಾದದ್ದನ್ನು ಕಥೆಯ ಮುಸುಕಿನಲ್ಲಿ ಹೇಳಿದರೆ ಅವನು ಕಥೆಯನ್ನೂ ನಂಬುವುದಿಲ್ಲ, ನಿಮ್ಮನ್ನೂ ನಂಬುವುದಿಲ್ಲ. ಅವನ ಆಯ್ಕೆಗೆ ಸಹಜವಾದ ಬೆಲೆ ನಿಯಮದಲ್ಲೇ ಇದೆ: ಪ್ಲೇಟ್ ಕವಚ ತೊಟ್ಟವನು ಸದ್ದಿಲ್ಲದೆ ನಡೆಯಲು ಎರಡು ದಾಳ ಉರುಳಿಸಿ ಕಡಿಮೆಯದ್ದನ್ನು ಹಿಡಿಯಬೇಕು. ಕೋಟೆಯೊಳಗೆ ನುಸುಳುವ ರಾತ್ರಿಗಳು ಬರಲಿ, ಆಗಾಗ ಮಾತ್ರ.

2024ರ ನಿಯಮದ ಬಗ್ಗೆ. ಪರಿಷ್ಕರಣೆಯಲ್ಲಿ ಗ್ರೇಟ್ ವೆಪನ್ ಮಾಸ್ಟರ್‌ನ 5 ಕಳೆಯುವ, 10 ಕೂಡಿಸುವ ಆಯ್ಕೆ ಹೋಗಿದೆ. ಬದಲಿಗೆ ಏಟು ತಗಲಿದರೆ ಪ್ರಾವೀಣ್ಯದಷ್ಟು ಹಾನಿ ಕೂಡುತ್ತದೆ, ಐದನೆಯ ಲೆವೆಲ್‌ಗೆ 3. ಇದರಿಂದ ಅವನು ತಣ್ಣಗಾಗುತ್ತಾನೆ ಎಂದುಕೊಳ್ಳಬೇಡಿ. ಆರ್ಮರ್ ಕ್ಲಾಸ್ 15ರ ಎದುರು ಹಳೆಯ ಲೆಕ್ಕದಲ್ಲಿ ಒಂದು ಬೀಸಿಗೆ 8.4 ಬರುತ್ತಿತ್ತು, ಹೊಸದರಲ್ಲಿ 9.1 ಬರುತ್ತದೆ. ಏರಿಳಿತ ಕಡಿಮೆಯಾಗುತ್ತದೆ, ಸರಾಸರಿ ಅಲ್ಲೇ ಇರುತ್ತದೆ. ಹೊಸ ನಿಯಮ ಬೇರೆ ಕಾರಣಗಳಿಗೆ ಇಷ್ಟವಾದರೆ ಹೋಗಿ, ಈ ಜಗಳಕ್ಕಾಗಿ ಬೇಡ. ಬಲದ ಲೆಕ್ಕವೇ ಸಾಕೆನಿಸಿದ ತಿಂಗಳಲ್ಲಿ ಬೇರೆ ಆಟವೊಂದನ್ನು ನಾಲ್ಕು ವಾರ ಆಡಿನೋಡಿ: 1981ರಿಂದ ಬರುತ್ತಿರುವ ಕಾಲ್ ಆಫ್ ಕ್ಥುಲುವಿನಲ್ಲಿ ಎದುರಿನ ಭಯಕ್ಕೆ ಕತ್ತಿ ತಾಗುವುದೇ ಅಪರೂಪ, 2010ರ ಅಪಾಕಲಿಪ್ಸ್ ವರ್ಲ್ಡ್‌ನಲ್ಲಿ ಎರಡು ದಾಳಗಳಿಗೆ ಪಾತ್ರದ ಅಂಕ ಕೂಡಿಸಿದ ಮೊತ್ತ 7ರಿಂದ 9ರೊಳಗೆ ಬಂದರೆ ಗೆದ್ದವರೂ ಏನಾದರೊಂದು ತೆರಬೇಕು. ಅಲ್ಲಿ ಆಟ ನಡೆಸುವ ಕೆಲಸವನ್ನು ನಿಮ್ಮ ಲೆಕ್ಕದ ಗೆಳೆಯನಿಗೇ ಕೊಡಿ. ನಿಯಮಗಳನ್ನು ಅಷ್ಟು ಪ್ರೀತಿಯಿಂದ ಓದುವವರು ನಿಮ್ಮ ಗುಂಪಿನಲ್ಲಿ ಇನ್ಯಾರೂ ಇದ್ದಂತಿಲ್ಲ, ಮತ್ತು ನಿಮಗೂ ಒಮ್ಮೆ ಆಟಗಾರನ ಕುರ್ಚಿ ಸಿಗುತ್ತದೆ.